ಅತ್ತೆಯ ಹೆಸರಿನ ಹುಡುಗಿ

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ವರಲಕ್ಷ್ಮಿ ಹಿತ್ತಿಲ ಬಾಗಿಲ ಕಡೆಗೆ ತಲೆ ಹೊರಳಿಸಿ ‘ಚಿನ್ನೀ’ ಎಂದು ಕೂಗಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಕೂಗಿದರೆ ಓಡಿಬರುವ ಹುಡುಗಿ ಆಸ್ಪತ್ರೆಯಲ್ಲಿದ್ದಳು. ಹಿತ್ತಿಲ ಜಗಲಿಯ ಮೂಲೆಯಲ್ಲಿ ಅವಳ ಗೋಣಿತಾಟು ಮಡಿಕೆಯಾಗಿ ಗೋಡೆಗೆ ಒರಗಿತ್ತು. ಮೈ ಕೆಂಡವಾಗಿದ್ದ ಬೆಳಿಗ್ಗೆಯೂ ಅದನ್ನು ಮಡಿಸಿಟ್ಟೇ ಎದ್ದಿದ್ದಳು. ರಾಬರ್ಟ್‌ಸನ್‌ಪೇಟೆಯ ಈ ಬಾಡಿಗೆ ಮನೆಯ ಸಿಮೆಂಟು ನೆಲ ಮಾರ್ಗಶಿರದ ಚಳಿಗೆ ಕಬ್ಬಿಣದ ಹಾಗೆ ಕೊರೆಯುತ್ತದೆ ಎಂಬುದು ವರಲಕ್ಷ್ಮಿಗೆ ಗೊತ್ತಿಲ್ಲದ್ದಲ್ಲ, ಹಾಲಿನವನಿಗೆ ಬಾಗಿಲು ತೆರೆಯಲು ಹೋಗುವಾಗ ಅವಳೇ ತುದಿಗಾಲಲ್ಲಿ ನಡೆಯುತ್ತಿದ್ದಳು. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಕಂಬಳಿಯೊಂದಿತ್ತು, ನೆಂಟರು ಬಂದರೆ ಎಂದು. ದೀಪಾವಳಿ ಕಳೆಯುತ್ತಲೇ ಅದನ್ನು ತೆಗೆದು ಹುಡುಗಿಗೆ ಕೊಡಬೇಕು ಅಂದುಕೊಂಡಿದ್ದಳು. ಅಂದುಕೊಂಡದ್ದು ಸುಳ್ಳಲ್ಲ. ಆದರೆ ಅಂದುಕೊಂಡಾಗಲೇ ಕೊಟ್ಟಷ್ಟು ಸಮಾಧಾನವಾಗಿ, ಆ ಸಮಾಧಾನದಲ್ಲೇ ಕಂಬಳಿ ಮರೆತುಹೋಗಿತ್ತು.

“ಗಂಜಿಗೆ ಉಪ್ಪು ಹಾಕಿದೀಯೇನೇ?” ಎಂದು ದೇವರ ಗೂಡಿನ ಮುಂದೆ ಕೂತಿದ್ದ ಅತ್ತೆ ಕೇಳಿದರು.

“ಹಾಕಿದೀನಿ ಅತ್ತೆ.”

“ಒಂಚೂರು ತುಪ್ಪಾನೂ ಬಿಡು. ಮನೇಲಿ ಓಡಾಡ್ಕೊಂಡಿದ್ದ ಮಗು. ನನ್ನ ಶಾಲು ಹೊದಿಸಿದೀಯೋ ಇಲ್ವೋ? ಆ ಆಸ್ಪತ್ರೆಯೋರು ತೆಗೆದು ಎಲ್ಲಾದ್ರೂ ಬಿಸಾಕ್ಯಾರು.”

ಕನ್ನಡಿಯ ಮುಂದೆ ನಿಂತು ಕೋಟಿನ ಗುಂಡಿ ಹಾಕುತ್ತಿದ್ದ ಗಂಡ ಕೋದಂಡಪ್ಪ, ಮೈನ್ಸ್ ಆಫೀಸಿನ ಗುಮಾಸ್ತ, ತಿರುಗದೆಯೇ ಹೇಳಿದ: “ಮುನಿಸ್ವಾಮಪ್ಪ ನಿನ್ನೆ ಸಾಯಂಕಾಲದ ರೈಲಿಗೆ ಹೋದ. ಹುಡುಗಿ ಅಮ್ಮ ಇವತ್ತು ಬಂದುಬಿಡ್ತಾಳೆ. ನೇರವಾಗಿ ಆಸ್ಪತ್ರೆಗೇ ಹೋಗು ಅಂತ ಹೇಳಿಸಿದೀನಿ. ಇಲ್ಲಿಗೆ ಬಂದು ಬೀದೀಲಿ ಗೋಳಾಡೋದು ಬೇಡ.” ಮುನಿಸ್ವಾಮಪ್ಪ ಅವನ ಆಫೀಸಿನ ಜವಾನ, ಬಂಗಾರಪೇಟೆಯಾಚೆಯ ಆ ಹುಡುಗಿಯ ಹಳ್ಳಿಯವನೇ. ಅವನನ್ನು ಮೊದಲ ದಿನವೇ ಕಳಿಸಬಹುದಿತ್ತು. ‘ಜ್ವರ ತಾನೇ, ನೋಡೋಣ’ ಎಂದಿದ್ದು ಗಂಡ. ‘ಸುಮ್ಮನೆ ಗಾಬರಿ ಮಾಡೋದ್ಯಾಕೆ’ ಎಂದಿದ್ದು ಅತ್ತೆ. ತಾನು ಏನೆಂದಿದ್ದೆ ಎಂದು ನೆನಪಿಸಿಕೊಳ್ಳಲು ಹೋದರೆ ವರಲಕ್ಷ್ಮಿಗೆ ಅಲ್ಲಿ ಬರೀ ಮೌನ ಸಿಕ್ಕಿತು.

ಮಾರ್ಕೆಟ್ಟಿನ ಬೀದಿಯಲ್ಲಿ ಆಗತಾನೆ ಅಂಗಡಿಗಳ ಹಲಗೆ ತೆಗೆಯುತ್ತಿದ್ದರು. ಚಿನ್ನದ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬಾಯಲ್ಲಿ ಸಣ್ಣ ಧೂಳು ಕರಕರ ಅನ್ನುತ್ತಿತ್ತು. ಫ್ಲಾಸ್ಕನ್ನು ಸೆರಗಿನೊಳಗೆ ಎದೆಗವಚಿಕೊಂಡು ನಡೆಯುತ್ತ ಅವಳು ಮನಸ್ಸಿನಲ್ಲಿ ಎರಡು ವರ್ಷದ ಹಿಂದಿನ ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಳು. ತವರಿನಿಂದ ಬರುವಾಗ ಅಲ್ಲಿ ರೈಲು ಬದಲಿಸಬೇಕಿತ್ತು, ಹುಡುಗಿಯನ್ನು ಅಲ್ಲಿಗೇ ಕರೆತರುತ್ತೇನೆಂದು ಮುನಿಸ್ವಾಮಪ್ಪ ಹೇಳಿದ್ದ. ತುಂಬುಗರ್ಭಿಣಿ ಹೆಂಗಸೊಬ್ಬಳು ಹುಡುಗಿಯ ತಲೆಗೆ ಎಣ್ಣೆ ಸುರಿದು, ಬಿಗಿಯಾಗಿ ಜಡೆ ಹಾಕಿ, ಮುಖವೆಲ್ಲ ಜಿಡ್ಡು ಮಾಡಿ ಕರೆತಂದಿದ್ದಳು. ಕೊಡುವಾಗ ಕಣ್ಣೀರು ಹಾಕಲಿಲ್ಲ. ಒಂದು ಸಂಗತಿಯನ್ನು ಮಾತ್ರ ಹೇಳಲೇಬೇಕೆಂಬಂತೆ ಹತ್ತಿರ ಬಂದು ಹೇಳಿದ್ದಳು: “ಇವಳ್ನ ಬೇಡ್ಕಂಡು ಅಳ್ಳಿಮರ ಸುತ್ತಿದ್ದೆ ಕಣಮ್ಮಣ್ಣಿ. ಮುಂದ್ಲವು ಯಾವೂ ನಿಲ್ಲಲಿಲ್ಲ, ಇದೊಂದು ನಿಂತ್ಕಂತು. ಅದ್ಕೇ ಅಸ್ವತ್ತಮ್ಮ ಅಂತ ಇಟ್ಟಿದ್ದು.” ವರಲಕ್ಷ್ಮಿ ಬೆಚ್ಚಿದ್ದಳು. ಮದುವೆಯಾದಂದಿನಿಂದ ಅವಳ ನಾಲಿಗೆ ಮುಟ್ಟದ ಎರಡು ಹೆಸರುಗಳಿದ್ದವು, ಗಂಡನದೊಂದು, ಅತ್ತೆಯದೊಂದು. ಅದರಲ್ಲೊಂದು ಹೀಗೆ ಎಣ್ಣೆ ಜಡೆ ಹಾಕಿಕೊಂಡು ಎದುರಿಗೆ ನಿಂತಿತ್ತು. “ಇಸ್ಕೂಲ್ಗೆ ಆಕ್ತೀರಂತಲ್ಲಮ್ಮ?” ಎಂದು ಆ ಹೆಂಗಸು ಕೇಳಿದಳು. “ಹಾಕ್ತೀನಿ” ಎಂದಿದ್ದಳು ವರಲಕ್ಷ್ಮಿ. ಇಂಟರ್‌ಮೀಡಿಯಟ್ ಓದಿದ್ದ ತನಗೆ ಆ ಮಾತು ಸುಲಭವಾಗಿ, ಸುಂದರವಾಗಿ ಬಾಯಿಗೆ ಬಂದಿತ್ತು.

ಮನೆಗೆ ಬಂದಮೇಲೆ ಅತ್ತೆ ಹೆಸರು ಕೇಳಿದರು. ಹುಡುಗಿ ಗಟ್ಟಿಯಾಗಿ ಹೇಳಿದಳು. ಅತ್ತೆಗೆ ನಗು ಬಂತು. “ಅಯ್ಯೋ ಶಿವನೇ, ನನ್ನ ಹೆಸರೇನೇ ನಿಂದು? ನಾನು ನಿನ್ನ ಏನಂತ ಬೈಯಲೇ? ‘ಅಶ್ವತ್ಥಮ್ಮಾ, ಮುಸುರೆ ತಿಕ್ಕು’ ಅಂತ ನಾನೇ ನನ್ನ ಕರ್ಕೊಳ್ಳಲೇ? ಇವಳ ಬಾಯಿಗಂತೂ ಬರೋ ಹಾಗೇ ಇಲ್ಲ. ಚಿನ್ನದ ಊರಿಗೆ ಬಂದಿದೀಯ, ಚಿನ್ನಿ ಅಂದ್ಬಿಡೋಣ.” ಯಾರಿಗೂ ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ, ಮುದ್ದಾಗಿಯೇ ಇತ್ತು. ಮೊದಮೊದಲು ಚಿನ್ನೀ ಎಂದು ಕೂಗಿದರೆ ಹುಡುಗಿ ತಿರುಗುತ್ತಿರಲಿಲ್ಲ. ಕಿವುಡಿ ಎಂದು ಬೈಸಿಕೊಂಡಳು, ಒಂದೆರಡು ಸಲ ಮೊಟಕಿಸಿಕೊಂಡಳು. ಆಮೇಲೊಂದು ದಿನ ಪಕ್ಕದ ಮನೆಯ ವೆಂಕಟರತ್ನಮ್ಮ ಕಾಂಪೌಂಡಿನಾಚೆಯಿಂದ “ಅಶ್ವತ್ಥಮ್ಮನೋರೇ, ಕರಿಬೇವಿದೆಯಾ?” ಎಂದು ಕೂಗಿದಾಗ ನೀರಿನ ತೊಟ್ಟಿಯ ಬಳಿ ಕೂತಿದ್ದ ಹುಡುಗಿ ತಲೆಯನ್ನೇ ಎತ್ತಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ವರಲಕ್ಷ್ಮಿ, ಸದ್ಯ, ಪಳಗಿದಳು ಎಂದುಕೊಂಡಿದ್ದಳು. ಈಗ ಬೀದಿಯ ನಡುವೆ ಆ ‘ಸದ್ಯ’ ಎಂಬ ಮಾತು ನೆನಪಾಗಿ, ಅವಳು ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬೇಗ ಬೇಗ ನಡೆದಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಮಗ್ಗುಲಲ್ಲಿ ಗಂಟೊಂದನ್ನಿಟ್ಟುಕೊಂಡು ಕೂತಿದ್ದಳು. ಒಣಗಿದ ಮುಖ, ತಲೆಯ ಮೇಲೆ ಸೆರಗು. ವರಲಕ್ಷ್ಮಿಯ ಇಸ್ತ್ರಿ ಸೀರೆ ನೋಡಿ ದಡಬಡಿಸಿ ಎದ್ದು ಕೈಮುಗಿದಳು. “ಅಮ್ಮಣ್ಣಿ, ನೀವಾದ್ರೂ ಒಸಿ...” ಎಂದು ಏನೋ ಕೇಳಲು ಬಂದಳು. ಕೈಮುಗಿದು ಎದುರಿಗೆ ಬರುವವರು ಕೇಳುವುದು ಒಂದನ್ನೇ ಎಂದು ತಿಳಿದಿದ್ದ ವರಲಕ್ಷ್ಮಿ ಸೆರಗು ಎಳೆದುಕೊಂಡು, ಮುಖ ನೋಡದೆ, “ಒಳಗೆ ಆಯಾನ ಕೇಳಮ್ಮ” ಎಂದು ಮೆಟ್ಟಿಲು ಹತ್ತಿದಳು.

ವಾರ್ಡಿನಲ್ಲಿ ಡೆಟಾಲಿನ ವಾಸನೆಯ ಜೊತೆಗೆ ಯಾರೋ ತಂದ ಸಾರಿನ ವಾಸನೆ ಬೆರೆತಿತ್ತು. ಹುಡುಗಿ ಅತ್ತೆಯ ಕಂದು ಶಾಲಿನೊಳಗೆ ಎಷ್ಟು ಚಿಕ್ಕದಾಗಿದ್ದಳೆಂದರೆ ಮಂಚದ ಮುಕ್ಕಾಲು ಖಾಲಿ ಕಾಣುತ್ತಿತ್ತು. ಎಂಟೋ ಒಂಬತ್ತೋ ಇರಬೇಕು. ಒಂದೊಂದು ಉಸಿರಿಗೂ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ನ್ಯುಮೋನಿಯಾ, ಎರಡೂ ಕಡೆ ಹಿಡಿದಿದೆ, ತಡವಾಗಿ ತಂದಿರಿ ಎಂದು ಡಾಕ್ಟರು ಹೇಳಿದ್ದರು. ಪಕ್ಕದ ಮಂಚದಲ್ಲಿ ಮಗನನ್ನು ಮಲಗಿಸಿಕೊಂಡಿದ್ದ ಗಣಿ ಕೂಲಿಯ ಹೆಂಡತಿ ಅಮ್ಮಾಜಮ್ಮ, ತನ್ನ ಮಗನಿಗೆ ತಂದಿದ್ದ ಕಿತ್ತಳೆಯ ತೊಳೆಯೊಂದನ್ನು ಹಿಂಡಿ ಇವಳ ತುಟಿಗೂ ಸವರುತ್ತಿದ್ದಳು. ವರಲಕ್ಷ್ಮಿಯನ್ನು ಕಂಡು ಸಂಕೋಚದಿಂದ ಕೈ ಹಿಂದಕ್ಕೆಳೆದುಕೊಂಡು, “ತುಟಿ ಒಣಗಿತ್ತು, ಅದ್ಕೇ” ಎಂದಳು.

“ಅಕ್ಕಾ,” ಎಂದಳು ಹುಡುಗಿ ಕಣ್ಣು ತೆರೆಯದೆ, “ರಾತ್ರಿದು ಮುಸುರೆ ಅಂಗೇ ಐತೆ.”

“ಇರಲಿ ಬಿಡೇ. ನಾನು ತಿಕ್ಕಿದೆ.”

“ಬೂದಿ ತಳದಾಗೈತೆ, ಡಬ್ಬದಾಗೆ... ನಮ್ಮಮ್ಮ ಬಂದ್ಲಾ?”

“ಬರ್ತಾಳೆ. ಹೇಳಿ ಕಳಿಸಿದೀವಿ. ಇವತ್ತು ಬರ್ತಾಳೆ.”

ವರಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು. ಬೂದಿ ಹುಣಿಸೆಹಣ್ಣಿಗೆ ಬಿರಿದ ಆ ಬೆರಳುಗಳಿಗೆ ಒಂದಷ್ಟು ಕಾಲ ಬಳಪ ಹಿಡಿಸಿದ್ದಳು. ಹುಡುಗಿಗೆ ‘ಅ’ ಮೊದಲೇ ಗೊತ್ತಿತ್ತು; ಊರಿನ ಶಾಲೆಯ ಗೋಡೆಯಾಚೆ ನಿಂತು ಕಲಿತದ್ದಂತೆ. “ಅ ನಂದು ಅಕ್ಕ,” ಎನ್ನುತ್ತಿದ್ದಳು, ಅದನ್ನೇ ಹಲಗೆಯ ತುಂಬ ಬರೆಯುತ್ತಿದ್ದಳು. “ಚಿ ಬರಿ,” ಎಂದು ವರಲಕ್ಷ್ಮಿ ಅಳಿಸುತ್ತಿದ್ದಳು. ಜೂನ್ ಬಂದಾಗ ನಾದಿನಿ ಬಾಣಂತನಕ್ಕೆ ಬಂದಳು, ಶಾಲೆ ಮುಂದಕ್ಕೆ ಹೋಯಿತು. ಮತ್ತೆ ಜೂನ್ ಬಂದಾಗ ಯಾರೂ ಅದರ ಮಾತೆತ್ತಲಿಲ್ಲ, ಹುಡುಗಿಯೂ. ಮೊನ್ನೆ ಮೊನ್ನೆ ಒಂದು ಭಾನುವಾರ ಕೋದಂಡಪ್ಪ ಪೇಪರು ಓದುತ್ತ, “ನೋಡೇ, ವಿಶ್ವಸಂಸ್ಥೆಯೋರು ಮಕ್ಕಳಿಗೂ ಹಕ್ಕು ಅಂತ ಮಾಡಿದಾರೆ. ಹುಟ್ಟಿದ ಮಗುವಿಗೆ ಒಂದು ಹೆಸರು, ಓದು, ಆಟ, ಔಷಧಿ, ಎಲ್ಲಾ ಹಕ್ಕಂತೆ” ಎಂದು ನಕ್ಕಿದ್ದ. ನೆಲ ಒರೆಸುತ್ತಿದ್ದ ಹುಡುಗಿ ಬಟ್ಟೆ ಹಿಂಡುತ್ತ, “ಅಕ್ಕು ಅಂದ್ರೆ ಏನಕ್ಕ?” ಎಂದು ಕೇಳಿದಳು. “ಕೇಳದೇನೇ ಸಿಗಬೇಕಾದ್ದು,” ಎಂದಳು ವರಲಕ್ಷ್ಮಿ. ಹುಡುಗಿ ತುಸು ಯೋಚಿಸಿ, “ಬೈಗುಳಾನಾ?” ಎಂದಳು. ಎಲ್ಲರೂ ನಕ್ಕರು. ಕೋದಂಡಪ್ಪನಂತೂ ಕಣ್ಣು ಒರೆಸಿಕೊಂಡು, “ಘಾಟಿ ಕಣೇ ಇವಳು” ಎಂದ. ನಕ್ಕರೆಂದು ಹುಡುಗಿಗೂ ಖುಷಿಯಾಗಿ, ಅವತ್ತೆಲ್ಲ ಕುಣಿಯುತ್ತಲೇ ಕೆಲಸ ಮಾಡಿದಳು.

ಅವಳಿಂದ ಇನ್ನೊಂದು ಉಪಯೋಗವೂ ಇತ್ತು. ಮುನಿಸಿಪಾಲಿಟಿಯವರೋ ರೇಷನ್ನಿನವರೋ ಬಂದು ಮನೆಯವರ ಹೆಸರು ಕೇಳಿದರೆ ವರಲಕ್ಷ್ಮಿ ಬಾಗಿಲ ಹಿಂದೆ ಸರಿದು ಹುಡುಗಿಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಹುಡುಗಿ ಯಜಮಾನರ ಹೆಸರನ್ನು ಪಾಠ ಒಪ್ಪಿಸಿದ ಹಾಗೆ ಹೇಳಿ, ಯಜಮಾನರ ತಾಯಿಯ ಹೆಸರು ಬಂದಾಗ ಮಾತ್ರ ಕತ್ತೆತ್ತಿ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ವರಲಕ್ಷ್ಮಿಯ ಬಾಯಿಯ ಕೆಲಸವನ್ನು ಆ ಬಾಯಿ ಮಾಡುತ್ತಿತ್ತು. ಆಸ್ಪತ್ರೆಗೆ ತಂದ ದಿನ ಗಂಡ ಆಫೀಸಿನಲ್ಲಿದ್ದ. ಜಟಕಾದಲ್ಲಿ ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ತಾನೊಬ್ಬಳೇ ಬಂದಿದ್ದಳು. “ಮಗು ಹೆಸರು?” ಎಂದು ನರ್ಸು ಕೇಳಿದಾಗ ವರಲಕ್ಷ್ಮಿ ಅಭ್ಯಾಸಬಲದಿಂದ ಹುಡುಗಿಯ ಕಡೆಗೆ ತಿರುಗಿದಳು. ಹುಡುಗಿಗೆ ಎಚ್ಚರವಿರಲಿಲ್ಲ. ಹೆಸರು ನಾಲಿಗೆಯ ಬುಡದಲ್ಲಿ ಹೊರಳಿದಂತಾಗಿ, ಅಲ್ಲೇ ಕೂತಿತು. ಇದರಲ್ಲೆಲ್ಲ ತನಗೆ ನಂಬಿಕೆಯಿಲ್ಲ ಎಂದು ಕಾಲೇಜಿನ ಗೆಳತಿಯರ ಮುಂದೆ ಹೇಳಿಕೊಂಡವಳು ಅವಳು. ನಂಬಿಕೆ ಇಲ್ಲದಿರಬಹುದು, ಆದರೆ ಒಳ್ಳೆಯ ಸೊಸೆ ಎನ್ನಿಸಿಕೊಳ್ಳುವುದರ ಒಂದು ರುಚಿ ಇತ್ತಲ್ಲ, ಅದು ನಾಲಿಗೆಗೆ ಹತ್ತಿತ್ತು. “ಚಿನ್ನಿ,” ಎಂದಳು. ಎರಡು ದಿನದ ಮಾತು, ಯಾವ ಹೆಸರಾದರೇನು.

ಹೊತ್ತು ಏರಿದಂತೆ ಹುಡುಗಿ ಮಾತು ಬಿಟ್ಟಳು. ತುಟಿಗೆ ಮುಟ್ಟಿಸಿದ ಗಂಜಿ ಗಲ್ಲಕ್ಕೆ ಇಳಿಯಿತು. ನರ್ಸಮ್ಮ ಬಂದು ಸೂಜಿ ಹಾಕಿ, ತಣ್ಣಗಾಗಿದ್ದ ಪಾದಗಳನ್ನು ತನ್ನ ಎರಡು ಅಂಗೈಗಳ ನಡುವೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಶಾಲು ಎಳೆದು ಮುಚ್ಚಿ ಹೋದಳು. ಆಯಾ ಮಾರಿಯಮ್ಮ ನೆಲ ಒರೆಸುತ್ತ ಮಂಚದ ಬಳಿಗೆ ಬಂದು ನಿಟ್ಟುಸಿರು ಬಿಟ್ಟಳು.

“ಇದರ ಅಮ್ಮ ಇನ್ನೂ ಬರಲಿಲ್ಲವಾ? ಪಾವಂ. ಇದಕ್ಕೆ ಅಮ್ಮ ಇಲ್ಲ, ಹೊರಗೆ ಮೆಟ್ಟಿಲ ಮೇಲೆ ಒಂದಮ್ಮ ಕೂತಿತ್ತು, ಅದಕ್ಕೆ ಅದರ ಕೊಳಂದೆ, ಮಗು, ಸಿಗಲಿಲ್ಲ. ಸಾಮಿ ಲೆಕ್ಕವೇ ಹಂಗೆ.”

“ಯಾರು?” ಎಂದಳು ವರಲಕ್ಷ್ಮಿ.

“ಯಾರೋ ಹಳ್ಳಿದು. ಮೊದಲನೇ ರೈಲಿಗೆ ಬಂತು. ಅಸ್ವತ್ತಮ್ಮ ಅಂತ ಮಗೂನ ಸೇರಿಸವ್ರೆ ಅಂತು. ಆ ಹೆಸರಿಂದು ಇಲ್ಲಿ ಇಲ್ಲಮ್ಮ ಅಂದೆ. ನರ್ಸಮ್ಮನೂ ನೋಡಿ ಇಲ್ಲ ಅಂತು. ನಂಬಲಿಲ್ಲ, ಅಲ್ಲೇ ಕೂತ್ಕೊಂತು. ಈಗ ನಾನೇ ಹೇಳ್ದೆ, ಮೈನ್ಸ್ ಆಸ್ಪತ್ರೆಗೂ ಹೋಗಿ ನೋಡು ಅಂತ. ಒಂದು ಲೋಟ ಟೀ ಕೊಟ್ಟು ಕಳಿಸ್ದೆ.”

ಮೆಟ್ಟಿಲ ಮೇಲಿನ ಒಣ ಮುಖ ತನ್ನಷ್ಟಕ್ಕೆ ತಾನೇ ತುಂಬಿಕೊಂಡು ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನ ಮುಖವಾಯಿತು. ವರಲಕ್ಷ್ಮಿ ಓಡಿದಳು. ಮೆಟ್ಟಿಲು ಖಾಲಿಯಿತ್ತು. ಬೀದಿಯಲ್ಲಿ ಬಿಸಿಲು, ಜಟಕಾಗಳು, ಮಧ್ಯಾಹ್ನದ ಪಾಳಿಗೆ ಹೊರಟ ಗಣಿಯವರು. ಬಟ್ಟೆ ಅಂಗಡಿಯ ಸಾಲಿನಾಚೆ ಕಂಕುಳಲ್ಲಿ ಗಂಟಿಟ್ಟುಕೊಂಡ ಬೆನ್ನೊಂದು ನಿಧಾನವಾಗಿ ಹೋಗುತ್ತಿತ್ತು. ಕೂಗಬೇಕು. ಏನೆಂದು? ಆ ಹೆಂಗಸಿನ ಹೆಸರನ್ನು ತಾನು ಯಾವತ್ತೂ ಕೇಳಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಅವಳನ್ನು ತಿರುಗಿಸಬಲ್ಲ ಹೆಸರು ಲೋಕದಲ್ಲಿ ಒಂದೇ ಇತ್ತು. ಬಾಯಿ ತೆರೆದಳು. ಎದುರಿನ ಔಷಧಿ ಅಂಗಡಿಯಲ್ಲಿ ಗಂಡನ ಆಫೀಸಿನವರೊಬ್ಬರು ನಿಂತು ಅವಳನ್ನೇ ನೋಡುತ್ತಿದ್ದರು. ನಡುಬೀದಿಯಲ್ಲಿ ಅತ್ತೆಯ ಹೆಸರು ಹಿಡಿದು ಅರಚುವ ಸೊಸೆಯೊಬ್ಬಳು ಅವಳ ಕಣ್ಣಿಗೇ ಕಂಡಳು, ಸಂಜೆಯ ಹೊತ್ತಿಗೆ ಮನೆ ಮುಟ್ಟುವ ಮಾತೂ ಕೇಳಿಸಿತು. ಇದೆಲ್ಲ ಒಂದು ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು. “ಚಿನ್ನಿ ಅಮ್ಮಾ!” ಎಂದು ಕೂಗಿದಳು. “ಚಿನ್ನೀ ಅಮ್ಮಾ!” ಬಳೆ ಮಾರುವವಳೊಬ್ಬಳು ತಿರುಗಿ ನೋಡಿದಳು. ಆ ಬೆನ್ನು ತಿರುಗಲಿಲ್ಲ. ಅದೇಕೆ ತಿರುಗಬೇಕು? ಹಿಂದೆ ಓಡಬೇಕೆಂದು ಕಾಲು ಎತ್ತಿದಾಗ ಮೇಲಿನಿಂದ ನರ್ಸಮ್ಮನ ದನಿ ಬಂತು. “ಅಮ್ಮಾ, ಬೇಗ ಬನ್ನಿ.” ವರಲಕ್ಷ್ಮಿ ಒಂದು ಸಲ ಬೀದಿಯ ಕಡೆ, ಒಂದು ಸಲ ಮೆಟ್ಟಿಲ ಕಡೆ ನೋಡಿದಳು. ಬೆನ್ನು ಜಟಕಾದ ಮರೆಗೆ ಹೋಯಿತು, ಮತ್ತೆ ಕಾಣಲಿಲ್ಲ.

ಹುಡುಗಿ ಸಾಯುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಯಾರಿಗೂ ತೊಂದರೆ ಕೊಡಬಾರದೆಂದು ಕಲಿತವಳ ಹಾಗೆ, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ, ಸುಮ್ಮನಾದಳು. ಕೊನೆಗೊಮ್ಮೆ ಬಾಗಿಲ ಕಡೆ ಕಣ್ಣು ಹೊರಳಿಸಿದ್ದಳೋ, ಇಲ್ಲವೋ. ಅಮ್ಮಾಜಮ್ಮ ತನ್ನ ಮಗನ ಮುಖವನ್ನು ಆ ಕಡೆ ತಿರುಗಿಸಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ವರಲಕ್ಷ್ಮಿಗೆ ಅಳು ಬರಲಿಲ್ಲ. ಗಂಜಿಯ ಲೋಟದಲ್ಲಿ ತುಪ್ಪ ಹೆಪ್ಪುಗಟ್ಟಿ ಹಳದಿ ಪೊರೆಯಾಗಿತ್ತು. ಅದನ್ನು ನೋಡುತ್ತ ಕೂತಳು. ಜ್ವರ ಬಂದದ್ದು ಯಾರ ತಪ್ಪೂ ಅಲ್ಲ ಎಂದು ಮನಸ್ಸು ಒಂದು ಕಡೆಯಿಂದ ವಾದ ಹೂಡುತ್ತಿತ್ತು. ಮಕ್ಕಳು ಎಲ್ಲ ಮನೆಗಳಲ್ಲೂ ಸಾಯುತ್ತವೆ, ಆ ತಾಯಿಗೇ ಮುಂಚಿನವು ನಿಂತಿರಲಿಲ್ಲವಲ್ಲ. ವಾದ ಸರಿಯಾಗಿಯೇ ಇತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ತಾಯಿ ಕೂತಿದ್ದ ಮೆಟ್ಟಿಲಿನಿಂದ ಈ ಮಂಚಕ್ಕೆ ಒಂದು ಅಂಗಳದಷ್ಟು ದೂರವೂ ಇರಲಿಲ್ಲ ಎನ್ನುವುದು ಮಾತ್ರ ಯಾವ ವಾದದೊಳಗೂ ಹಿಡಿಸಲಿಲ್ಲ.

ಬಿಸಿಲು ಗೋಡೆಯಿಂದ ಇಳಿದಿತ್ತು. ಮಾರಿಯಮ್ಮ ಆ ಹೆಂಗಸನ್ನು ರಟ್ಟೆ ಹಿಡಿದು ಕರೆತಂದಳು. ಅಲ್ಲಿಯೂ ಇಲ್ಲವೆಂದು ಕೇಳಿಕೊಂಡು, ಬಂದ ದಾರಿಯಲ್ಲೇ ತಿರುಗಿ ಬಂದು ಮೆಟ್ಟಿಲ ಮೇಲೆ ಕೂತಿದ್ದಳಂತೆ. ವರಲಕ್ಷ್ಮಿ ಎದ್ದು ನಿಂತಳು. ಮಂಚದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಹೆಂಗಸು ಅವಳನ್ನು ನೋಡಿ ಗುರುತು ಹಿಡಿದಳು. ಬೆಳಿಗ್ಗೆ ಸೆರಗು ಎಳೆದುಕೊಂಡು ಹೋದವಳು ಇವಳೇ ಎಂಬುದೂ ಆಗಲೇ ಗೊತ್ತಾಗಿರಬೇಕು. ಆದರೆ ಅದನ್ನು ಆಡಲಿಲ್ಲ. ಮಂಚದ ಹತ್ತಿರ ಹೋಗಿ, ಶಾಲು ಸರಿಸಿ, ಕೆನ್ನೆಯ ಮೇಲೆ ಕೈಯಿಟ್ಟಳು.

“ಅಸ್ವತ್ತಮ್ಮ,” ಎಂದಳು. “ಏ ಅಸ್ವತ್ತಮ್ಮ. ಏಳವ್ವ. ಬಂದಿವ್ನಿ ನೋಡು.”

ಹೊತ್ತಾದರೂ ಏಳದ ಮಗುವನ್ನು ಎಬ್ಬಿಸುವ ದನಿಯದು. ಮಾರಿಯಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು, “ಇಲ್ಲಮ್ಮಾ, ಹೋಯ್ತಮ್ಮಾ” ಎಂದಳು. ಹೆಂಗಸು ಅದಕ್ಕೆ ತಲೆಯಾಡಿಸಿದಳು, ಗೊತ್ತು ಎಂಬಂತೆ. ಮತ್ತೆ ಬಗ್ಗಿ ಕಿವಿಯ ಹತ್ತಿರ ಕೂಗಿದಳು. ಆಮೇಲೆ ವರಲಕ್ಷ್ಮಿಯ ಕಡೆಗೆ ತಿರುಗಿದಳು. ಅವಳ ಕಣ್ಣಲ್ಲಿ ಕೋಪವಿದ್ದಿದ್ದರೆ ವರಲಕ್ಷ್ಮಿ ಹೇಗಾದರೂ ನಿಂತುಕೊಳ್ಳುತ್ತಿದ್ದಳು.

“ನಂದು ದನಿ ಮರೆತೈತೇನೋ ಕಣಮ್ಮಣ್ಣಿ. ನಿಮ್ಮ ದನಿಗೆ ಏಳೋದು ರೂಢಿಯಾಗೈತೆ ಅದಕ್ಕೆ. ನೀವು ಒಂದ್ಸಾರಿ ಕೂಗಿ.”

ಅಮ್ಮಾಜಮ್ಮ ಅಳು ನಿಲ್ಲಿಸಿದಳು. ವರಲಕ್ಷ್ಮಿ ಮಂಚದ ಕಬ್ಬಿಣ ಹಿಡಿದುಕೊಂಡು ಬಗ್ಗಿದಳು.

“ಅಶ್ವತ್ಥಮ್ಮಾ,” ಎಂದಳು.

ಎಷ್ಟು ಸುಲಭವಾಗಿತ್ತು. ಗಂಟಲಲ್ಲಿ ಏನೂ ಅಡ್ಡ ಬರಲಿಲ್ಲ, ನಾಲಿಗೆ ಸೇದಿಹೋಗಲಿಲ್ಲ. ಗಾಜಿನ ಕಿಟಕಿ, ಸಾಲು ಮಂಚ, ಗೋಡೆಯ ಸುಣ್ಣ, ಎಲ್ಲವೂ ಇದ್ದ ಹಾಗೆಯೇ ಇದ್ದವು. ಬೇರೆ ಯಾವುದೇ ಹೆಸರಿನಷ್ಟೇ ಹಗುರವಾಗಿ ಅದು ಬಾಯಿಂದ ಹೊರಬಿದ್ದು, ಶಾಲಿನ ಅಂಚಿನಲ್ಲಿ ಕಾಣುತ್ತಿದ್ದ ಆ ಸಣ್ಣ ಕಿವಿಯ ಹತ್ತಿರ ಹೋಗಿ ನಿಂತಿತು. ಆಚೆ ಮಂಚಗಳ ಮಕ್ಕಳೆಲ್ಲ ತಿರುಗಿ ನೋಡಿದವು.

ತಾಯಿ ಮಗಳ ಪಾದದ ಮೇಲೆ ಕೈಯಿಟ್ಟುಕೊಂಡು, ಮುಖವನ್ನೇ ನೋಡುತ್ತ, ಕಾದಳು.

“ಇನ್ನೊಂದ್ಸಾರಿ,” ಎಂದಳು.